ಎರಡನೇ ಸಲ ಬಂದರಾ?

ಯಾವುದಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಹೊರರೋಗಿಗಳ ರಿಜಿಸ್ಟರನ್ನು ಮೂರು ತಿಂಗಳಷ್ಟು ಹಿಂದಕ್ಕೆ ತಿರುವಿ ನೋಡಿ. ಶಿರಾ ಕಡೆಯದಾಗಲಿ, ಶ್ರೀನಿವಾಸಪುರದ್ದಾಗಲಿ, ಗುಡಿಬಂಡೆಯದಾಗಲಿ, ಒಂದೇ ಹೆಸರು ಐದಾರು ಸಲ ಕಣ್ಣಿಗೆ ಬೀಳುತ್ತದೆ. ಹೆಂಗಸು, ವಯಸ್ಸು 38. ಮೊದಲ ಸಲ ಮೈಕೈ ನೋವು. ಹದಿನೈದು ದಿನ ಬಿಟ್ಟು ತಲೆನೋವು, ಸುಸ್ತು. ಆಮೇಲೆ ಎದೆ ಉರಿ, ಗ್ಯಾಸ್. ಆಮೇಲೆ ಬಿಳುಪು ಹೋಗುವುದು. ಮತ್ತೆ ಮೈಕೈ ನೋವು. ಎದುರಿನ ಕಾಲಮ್ಮಿನಲ್ಲಿ ಪ್ರತಿ ಸಲವೂ ಅದೇ ಬರಹ: ನೋವಿನ ಮಾತ್ರೆ, ಗ್ಯಾಸಿನ ಮಾತ್ರೆ, ಬಿ ಕಾಂಪ್ಲೆಕ್ಸ್, ಮೂರು ದಿನಕ್ಕೆ. ಇಂಥ ಅಲೆದಾಟದ ಹಿಂದೆ ಎಷ್ಟೋ ಸಲ ಖಿನ್ನತೆ ಇರುತ್ತದೆ, ಅದನ್ನು ಯಾರೂ ಕೇಳಿರುವುದಿಲ್ಲ.

ಇದಕ್ಕೆ ಡಾಕ್ಟರನ್ನು ಬೈದು ಪ್ರಯೋಜನವಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಕೂತು ಎಂಬತ್ತು ನೂರು ಜನರನ್ನು ಒಬ್ಬರೇ ನೋಡಬೇಕಾದರೆ ತಲೆಗೆ ಎರಡು ನಿಮಿಷ ಸಿಕ್ಕಿದರೆ ಹೆಚ್ಚು. ಆದರೆ ಲೆಕ್ಕ ಹಾಕಿ. ಐದು ಭೇಟಿಗೆ ಎರಡೆರಡು ನಿಮಿಷದಂತೆ ಹತ್ತು ನಿಮಿಷ ಆಗಲೇ ಕೊಟ್ಟಾಗಿದೆ. ಆಕೆಯ ಐದು ದಿನದ ಕೂಲಿ ಹೋಗಿದೆ. ಆ ಹತ್ತು ನಿಮಿಷವನ್ನು ಎರಡನೇ ಭೇಟಿಯಲ್ಲೇ ಒಟ್ಟಿಗೆ ಕೊಟ್ಟಿದ್ದರೆ ಉಳಿದ ಮೂರು ಭೇಟಿ ಬೇಕಿರಲಿಲ್ಲ. ಮಾನಸಿಕ ಆರೋಗ್ಯವನ್ನು ಪಿಎಚ್‌ಸಿಗೆ ತರುವುದು ಎಂದರೆ ಹೊಸ ಕೆಲಸವೊಂದನ್ನು ತಂದು ತಲೆಯ ಮೇಲೆ ಹೇರುವುದು ಅನ್ನುವ ಭಯ ವೈದ್ಯರಲ್ಲೂ ಸಿಸ್ಟರ್‌ಗಳಲ್ಲೂ ಇದೆ. ಈಗಾಗಲೇ ಅರೆಬರೆ ಆಗುತ್ತಿರುವ ಕೆಲಸವನ್ನು ಒಂದು ಕಡೆ ಕೂಡಿಸಿ ಪೂರ್ತಿ ಮಾಡುವುದಷ್ಟೇ ಅದು. ಒಂದೇ ತಿಂಗಳಲ್ಲಿ ಮೂರನೇ ಸಲ ಬಂದವರ ಚೀಟಿಯ ಮೂಲೆಗೆ ಚೀಟಿ ಕೌಂಟರಿನಲ್ಲೇ ಪೆನ್ಸಿಲ್ಲಿನಲ್ಲಿ ಒಂದು ಚುಕ್ಕೆ ಇಟ್ಟರೆ ಸಾಕು, ಯಾರಿಗೆ ಹತ್ತು ನಿಮಿಷ ಬೇಕೆಂಬುದು ಡಾಕ್ಟರಿಗೆ ಗೊತ್ತಾಗುತ್ತದೆ.

ಈ ಸೀಮೆಯಲ್ಲಿ ಒಂದು ಎಚ್ಚರವೂ ಬೇಕು. ಮೈಕೈ ನೋವು ಅಂದ ಕೂಡಲೇ ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಂಥ ಕಡೆ ಜನ ವರ್ಷಗಟ್ಟಲೆ ಆಳದ ಕೊಳವೆಬಾವಿ ನೀರು ಕುಡಿದಿದ್ದಾರೆ, ಅದರಲ್ಲಿ ಫ್ಲೋರೈಡ್ ಇದೆ. ಮೂಳೆಯ ಫ್ಲೋರೋಸಿಸ್ ಶುರುವಾಗುವುದೂ ಕೀಲು ನೋವು, ಬೆನ್ನು ಬಿಗಿತದಿಂದಲೇ. ಅದನ್ನು ಒಂದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ನೆಲದ ಮೇಲಿನ ನಾಣ್ಯವನ್ನು ಬಗ್ಗಿ ಎತ್ತಿಕೊಳ್ಳಲು ಹೇಳಿ. ಗದ್ದವನ್ನು ಎದೆಗೆ ಮುಟ್ಟಿಸಲು ಹೇಳಿ. ಎರಡೂ ಕೈ ಎತ್ತಿ ಮಡಚಿ ತಲೆಯ ಹಿಂದೆ ಹಿಡಿಯಲು ಹೇಳಿ. ಮೂರರಲ್ಲಿ ಯಾವುದು ಆಗದಿದ್ದರೂ ಮೂಳೆಯ ಕಡೆ ಗಮನ ಕೊಡಬೇಕು. ಜೊತೆಗೆ ಹಿಮೋಗ್ಲೋಬಿನ್, ಸಕ್ಕರೆ, ಆಗುವುದಾದರೆ ಥೈರಾಯ್ಡ್. ರಕ್ತಹೀನತೆಯಿಂದ ಬರುವ ಸುಸ್ತಿಗೂ ಖಿನ್ನತೆಯ ಸುಸ್ತಿಗೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ಎಷ್ಟೋ ಸಲ ಎರಡೂ ಒಬ್ಬರಲ್ಲೇ ಇರುತ್ತವೆ, ಕಬ್ಬಿಣದ ಮಾತ್ರೆ ಕೊಟ್ಟ ಮಾತ್ರಕ್ಕೆ ಎರಡನೆಯದು ಹೋಗುವುದಿಲ್ಲ.

ಇನ್ನು ಕೇಳುವ ಮಾತು. ಮನೆಮನೆ ಸಮೀಕ್ಷೆಗೆ ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿರುವ ಫಾರಂನ ಕೊನೆಯಲ್ಲಿ ಎರಡು ಪ್ರಶ್ನೆಗಳಿವೆ. ಕಳೆದ ಎರಡು ವಾರದಲ್ಲಿ ಕೆಲಸಗಳ ಮೇಲೆ ಆಸಕ್ತಿ ಕಡಿಮೆಯಾಗಿದೆಯೇ, ಮನಸ್ಸು ಕುಗ್ಗಿದೆಯೇ. ಒಂದೊಂದಕ್ಕೆ ಸೊನ್ನೆಯಿಂದ ಮೂರು ಅಂಕ. ಪ್ರಶ್ನೆ ಒಳ್ಳೆಯದೇ, ಕೆಡುವುದು ಕೇಳುವ ರೀತಿಯಲ್ಲಿ. ಬಿಪಿ, ಬೀಡಿ, ಸೊಂಟದ ಸುತ್ತಳತೆ, ಬಾಯಿಹುಣ್ಣು ಎಲ್ಲ ಮುಗಿದು ಫಾರಂನ ಕೊನೆಗೆ ಬರುವಷ್ಟರಲ್ಲಿ ಇಬ್ಬರಿಗೂ ಸಾಕಾಗಿರುತ್ತದೆ. ಅತ್ತೆ ಅಲ್ಲೇ ಜಗಲಿಯ ಮೇಲೆ ಕೂತಿರುತ್ತಾರೆ. ಅವರೆದುರು ಯಾವ ಸೊಸೆ ತಾನೆ ‘ಹೂಂ, ಬೇಜಾರಿದೆ’ ಅಂದಾಳು? ಸೊನ್ನೆ, ಸೊನ್ನೆ ಅಂತ ಬರೆದು ಮುಂದಿನ ಮನೆಗೆ ಹೋಗುವುದೇ ಆಗುತ್ತದೆ. ಒಂದು ಊರಿನ ಅಷ್ಟೂ ಫಾರಂಗಳಲ್ಲಿ ಸೊನ್ನೆಯೇ ತುಂಬಿದ್ದರೆ ಆ ಊರಲ್ಲಿ ಎಲ್ಲರೂ ಸುಖವಾಗಿದ್ದಾರೆ ಎಂದು ತಿಳಿಯಬಾರದು, ಪ್ರಶ್ನೆ ಯಾರನ್ನೂ ತಲುಪಿಲ್ಲ ಎಂದು ತಿಳಿಯಬೇಕು.

‘ಖಿನ್ನತೆ’ ಎಂಬ ಪದವನ್ನು ಊರಲ್ಲಿ ಯಾರೂ ಬಳಸುವುದಿಲ್ಲ. ‘ಬೇಜಾರು’ ಎಂಬುದನ್ನು ಎಲ್ಲದಕ್ಕೂ ಬಳಸುತ್ತಾರೆ, ಕರೆಂಟು ಹೋದರೂ ಬೇಜಾರೇ. ಹಾಗಾಗಿ ಆಕೆಯ ದಿನಚರಿಯ ದಾರಿಯಲ್ಲಿ ಹೋಗುವುದು ಮೇಲು. ‘ಡೈರಿಗೆ ಹಾಲು ಹಾಕಕ್ಕೆ ಈಗ್ಲೂ ನೀವೇ ಹೋಗ್ತೀರೇನಕ್ಕ?’ ‘ಇಲ್ಲ ಕಣಮ್ಮ, ಮಗಳು ಹೋಗ್ತಾಳೆ. ಬೆಳಿಗ್ಗೆ ಏಳಕ್ಕೇ ಆಗಲ್ಲ ನಂಗೆ.’ ‘ಎಷ್ಟು ದಿನದಿಂದ?’ ‘ಹಬ್ಬ ಆದಾಗ್ನಿಂದ.’ ಇಷ್ಟರಲ್ಲೇ ಎರಡು ವಾರ ದಾಟಿದೆ ಅನ್ನುವುದೂ ಕೆಲಸ ಕೆಟ್ಟಿದೆ ಅನ್ನುವುದೂ ಗೊತ್ತಾಯಿತು. ಶಿಡ್ಲಘಟ್ಟದ ಕಡೆಯಾದರೆ ರೇಷ್ಮೆ ಹುಳದ ಮೇಲೆ ಕೇಳಿ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕುವುದನ್ನು ಮರೆಯುವ ಹೆಂಗಸು ಆ ಸೀಮೆಯಲ್ಲಿ ಇಲ್ಲ. ಮರೆತಿದ್ದಾಳೆ ಅಂದರೆ ಏನೋ ಆಗಿದೆ. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲಿನ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕನ್ನಡದ ಪ್ರಶ್ನೆಗೆ ‘ಏನಿಲ್ಲ’ ಅಂದವರು ತೆಲುಗಿನಲ್ಲಿ ಕೇಳಿದರೆ ಅಳಲು ಶುರುಮಾಡಬಹುದು.

ಆಸ್ಪತ್ರೆಯಲ್ಲಿ ಕೇಳುವುದಕ್ಕೆ ಜಾಗವೂ ಬೇಕು. ಡಾಕ್ಟರ ಮೇಜಿನ ಸುತ್ತ ಮೂರು ಜನ ನಿಂತಿರುವಾಗ ಯಾರೂ ಬಾಯಿ ಬಿಡುವುದಿಲ್ಲ. ಇದಕ್ಕೆ ಹೊಸ ಕಟ್ಟಡ ಕಟ್ಟಬೇಕಿಲ್ಲ. ಡ್ರೆಸ್ಸಿಂಗ್ ರೂಮು ಮಧ್ಯಾಹ್ನ ಹನ್ನೆರಡೂವರೆಯ ಮೇಲೆ ಸಾಮಾನ್ಯವಾಗಿ ಖಾಲಿ. ಎರಡು ಕುರ್ಚಿ, ಮುಚ್ಚುವ ಬಾಗಿಲು, ಒಂದು ಲೋಟ ನೀರು ಇದ್ದರೆ ಆಯಿತು. ಚುಕ್ಕೆ ಬಿದ್ದ ಚೀಟಿಯವರನ್ನು ‘ಸ್ವಲ್ಪ ಕೂತಿರಿ ಅಮ್ಮ, ಜನ ಕಡಿಮೆ ಆಗಲಿ, ನಿಧಾನಕ್ಕೆ ಮಾತಾಡೋಣ’ ಎಂದು ಉಳಿಸಿಕೊಂಡರೆ ಬಹುತೇಕರು ಉಳಿಯುತ್ತಾರೆ.

ಸರಿ, ಎಷ್ಟು ಜನ ಇಂಥವರು? ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ 10.6% ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ದೊಡ್ಡ ಸಮೀಕ್ಷೆಗೆ ಮೊದಲು ಅದರ ವಿಧಾನವನ್ನು ಪ್ರಯೋಗಕ್ಕೆ ಹಚ್ಚಿದ್ದು ಕೋಲಾರ ಜಿಲ್ಲೆಯಲ್ಲೇ. ಬಯಲುಸೀಮೆಯ ಒಂದು ಪಿಎಚ್‌ಸಿಗೆ 30,000 ಜನ ಎಂದು ಲೆಕ್ಕ. ಅದರಲ್ಲಿ ವಯಸ್ಕರು 21,000 ಎಂದಿಟ್ಟುಕೊಂಡರೆ ಸುಮಾರು 2,200 ಜನ. ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ 0.8%, ಅಂದರೆ 170ರ ಹತ್ತಿರ. ಕಾಯಿಲೆಯನ್ನು ನೋಡಿಕೊಂಡು ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ ಎಂಬುದೂ ಅದೇ ಸಮೀಕ್ಷೆಯ ಮಾತು. ಜಿಲ್ಲೆಯ ಮನೋವೈದ್ಯರು ಹಗಲಿರುಳು ಕೂತರೂ ಒಂದು ಜಿಲ್ಲೆಯ ಅಷ್ಟೂ ಪಿಎಚ್‌ಸಿಗಳ ಈ ಜನರನ್ನೆಲ್ಲ ನೋಡಲಾಗದು. ಲೆಕ್ಕದಲ್ಲೇ ಅದು ಸಾಧ್ಯವಿಲ್ಲ.

ಈ ಲೆಕ್ಕ ಹೊಸದೇನೂ ಅಲ್ಲ, ಅದಕ್ಕೆ ಉತ್ತರ ಹುಡುಕುವ ಕೆಲಸವೂ ನಮ್ಮ ರಾಜ್ಯದಲ್ಲೇ ಮೊದಮೊದಲು ನಡೆದದ್ದು. ಎಪ್ಪತ್ತರ ದಶಕದಲ್ಲಿ ನಿಮ್ಹಾನ್ಸ್‌ನವರು ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ವೈದ್ಯರಿಗೂ ತರಬೇತಿ ಕೊಟ್ಟು ನೋಡಿದರು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿಯಲ್ಲಿ ಇಡೀ ಜಿಲ್ಲೆಗೆ ಅದನ್ನು ಹರಡಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. 2014ರಲ್ಲಿ ಕರ್ನಾಟಕ ಮನೋಚೈತನ್ಯ ಶುರುಮಾಡಿತು, ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುವ ಏರ್ಪಾಡು. ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ತೀವ್ರ ಕಾಯಿಲೆಯವರನ್ನು ಊರಲ್ಲೇ ಹುಡುಕಿ, ವರ್ಷಗಟ್ಟಲೆ ಹಿಂಬಾಲಿಸಿ ಚಿಕಿತ್ಸೆ ಕೊಡುವ ಕೆಲಸ ಮಾಡಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ನು ಇದನ್ನು ಪ್ರಾಥಮಿಕ ಹಂತದ ಆರೋಗ್ಯ ಸೇವೆಯಲ್ಲೇ ಸೇರಿಸಬೇಕು ಎಂದು ಸರ್ಕಾರದ ಮೇಲೆ ಹೊಣೆ ಹೊರಿಸುತ್ತದೆ.

ಇಷ್ಟೆಲ್ಲ ಇದ್ದೂ ಪಿಎಚ್‌ಸಿಯ ರಿಜಿಸ್ಟರಿನಲ್ಲಿ ಆ ಹೆಂಗಸಿನ ಹೆಸರು ಐದು ಸಲ ಬರುವುದು ಯಾಕೆ? ತರಬೇತಿಯೆಲ್ಲ ಗುರುತು ಹಿಡಿಯುವುದರ ಮೇಲೆ, ಮಾತ್ರೆಯ ಹೆಸರಿನ ಮೇಲೆ ನಡೆಯುತ್ತದೆ. ಕಾರ್ಯಕ್ರಮ ಕುಸಿಯುವುದು ಅದಾದ ಮೇಲಿನ ಹದಿನೈದು ದಿನದಲ್ಲಿ. ಖಿನ್ನತೆಯ ಮಾತ್ರೆಯನ್ನು ಮೊದಲ ಸಲ ಒಯ್ದವರು ಎರಡನೇ ಸಲ ಅದಕ್ಕೆ ಬರುವುದಿಲ್ಲ, ಬರಲಿಲ್ಲ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಇದೊಂದು ಜಾಗ ಸರಿಹೋದರೆ ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂದು ನಾವು ಗಟ್ಟಿಯಾಗಿ ನಂಬಿದ್ದೇವೆ.

ಆ ಹದಿನೈದು ದಿನದಲ್ಲಿ ಏನಾಗುತ್ತದೆ ನೋಡಿ. ಡಾಕ್ಟರು ಖಿನ್ನತೆ ಎಂದು ಗುರುತಿಸಿ ಫ್ಲುಯಾಕ್ಸೆಟಿನ್ 20 ಮಿಲಿಗ್ರಾಂ ಬರೆದರು, ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು, ಮೂವತ್ತು ದಿನಕ್ಕೆ. ಎರಡನೇ ದಿನ ಹೊಟ್ಟೆ ತೊಳಸುತ್ತದೆ. ಮೂರನೇ ದಿನ ಏನೋ ಚಡಪಡಿಕೆ, ಇದ್ದಬದ್ದ ನಿದ್ದೆಯೂ ಹಾರಿಹೋಗುತ್ತದೆ. ಮನಸ್ಸಿಗಂತೂ ಏನೂ ಗುಣ ಕಾಣದು, ಯಾಕೆಂದರೆ ಈ ಮಾತ್ರೆ ಕೆಲಸ ಶುರುಮಾಡುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು. ಪಕ್ಕದ ಮನೆಯವರು ‘ಅದು ತಲೆ ಮಾತ್ರೆ, ಉಷ್ಣ, ಅಭ್ಯಾಸ ಆಗಿಬಿಡ್ತದೆ’ ಅನ್ನುತ್ತಾರೆ. ನಾಲ್ಕನೇ ದಿನ ಚೀಟಿ ಸಮೇತ ಮಾತ್ರೆ ಸಜ್ಜೆಯ ಮೇಲೆ. ತೊಂದರೆ ಮೊದಲ ವಾರದಲ್ಲಿ, ಗುಣ ಮೂರನೇ ವಾರದಲ್ಲಿ. ನಡುವಿನ ದಿನಗಳನ್ನು ಹೇಗೆ ದಾಟಬೇಕು ಎಂದು ಮೊದಲ ದಿನವೇ ಹೇಳದಿದ್ದರೆ ಬಿಡುವುದರಲ್ಲಿ ಆಕೆಯ ತಪ್ಪೇನೂ ಇಲ್ಲ.

ಹಾಗಾಗಿ ಚೀಟಿ ಕೊಡುವಾಗಲೇ ಹೇಳಬೇಕಾದ ಮಾತು ಇಷ್ಟು: ‘ಮೊದಲ ವಾರ ಸ್ವಲ್ಪ ಹೊಟ್ಟೆ ತೊಳಸಬಹುದು, ಅದು ಕಡಿಮೆ ಆಗುತ್ತೆ. ನಿದ್ದೆ, ಊಟ ಮೊದಲು ಸರಿಹೋಗುತ್ತೆ, ಮನಸ್ಸು ಆಮೇಲೆ. ಇದು ನಿದ್ದೆ ಮಾತ್ರೆ ಅಲ್ಲ, ಚಟ ಆಗಲ್ಲ. ಆದರೆ ನೀವಾಗೇ ನಿಲ್ಲಿಸಬೇಡಿ.’ ವಯಸ್ಸಾದವರಿಗೆ 10 ಮಿಲಿಗ್ರಾಂನಿಂದ ಶುರು. ನೋವಿಗೆ ಡೈಕ್ಲೋಫೆನಾಕ್ ಜೊತೆಗೆ ಬೇಡ, ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚು, ಪ್ಯಾರಾಸಿಟಮಾಲ್ ಸಾಕು. ಬರೆಯುವ ಮುಂಚೆ ಒಂದು ಪ್ರಶ್ನೆ ತಪ್ಪದೆ ಕೇಳಬೇಕು: ಹಿಂದೆ ಯಾವಾಗಲಾದರೂ ಒಂದು ವಾರಗಟ್ಟಲೆ ನಿದ್ದೆಯೇ ಬೇಡ ಅನ್ನಿಸಿ, ವಿಪರೀತ ಮಾತು, ಓಡಾಟ, ದುಡ್ಡಿನ ಖರ್ಚು ಆಗಿತ್ತೇ? ‘ಹೌದು’ ಅಂದರೆ ಅದು ಬೈಪೋಲಾರ್ (ಖಿನ್ನತೆಯೂ ಉನ್ಮಾದವೂ ಬಂದುಹೋಗುವ ಕಾಯಿಲೆ) ಇರಬಹುದು, ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದಕ್ಕೆ ತಿರುಗಬಹುದು. ಅವರನ್ನು ಮಂಗಳವಾರದ ಕ್ಲಿನಿಕ್ಕಿಗೆ ಕಳಿಸಬೇಕು. ಗುಣವಾದ ಮೇಲೂ ಕನಿಷ್ಠ ಒಂಬತ್ತು ತಿಂಗಳು ಮಾತ್ರೆ ಬಿಡಬಾರದು. ಎರಡನೇ ತಿಂಗಳಲ್ಲಿ ‘ಈಗ ಚೆನ್ನಾಗಿದೀನಿ’ ಎಂದು ಬಿಟ್ಟವರೇ ಆರನೇ ತಿಂಗಳಲ್ಲಿ ಮೊದಲಿನಂತಾಗಿ ಬರುವವರು.

ಎಲ್ಲರಿಗೂ ಮಾತ್ರೆ ಬೇಕಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಗೋವಾದಲ್ಲಿ ವಿಕ್ರಮ್ ಪಟೇಲ್ ಅವರ ತಂಡ ವೈದ್ಯರಲ್ಲದ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಖಿನ್ನತೆಯವರಿಗೆ ಆರರಿಂದ ಎಂಟು ಸಲ ಕೂತು ಮಾತಾಡುವ ಚಿಕಿತ್ಸೆ ನಡೆಸಿತು, ಅದು ಕೆಲಸ ಮಾಡುತ್ತದೆ ಎಂದು ಪ್ರಯೋಗದಲ್ಲೇ ತೋರಿಸಿತು. ಅದರ ತಿರುಳು ಸರಳ. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡೋಣ ಎಂದು ಕಾಯದೆ, ಮೊದಲು ಒಂದು ಸಣ್ಣ ಕೆಲಸ, ಅದರ ಹಿಂದೆ ಮನಸ್ಸು. ಈ ವಾರ ಎರಡು ದಿನ ಡೈರಿಗೆ ನೀವೇ ಹೋಗಿ, ಮುಂದಿನ ವಾರ ಸಂಘದ ಮೀಟಿಂಗಿಗೆ ಹೋಗಿ ಸುಮ್ಮನೆ ಕೂತು ಬನ್ನಿ. ಮುಂದಿನ ಸಲ ಬಂದಾಗ ಹೋದಿರಾ, ಹೋದಾಗ ಹೇಗಿತ್ತು ಎಂದು ಕೇಳುವುದು. ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿ ಇದನ್ನು ಮಾಡಬಲ್ಲರು. ‘ಧೈರ್ಯ ತಗೊಳ್ಳಿ, ಯೋಚನೆ ಮಾಡಬೇಡಿ’ ಎಂಬ ಉಪದೇಶ ಮಾತ್ರ ಬೇಡ. ಯೋಚನೆ ನಿಲ್ಲಿಸಲು ಆಗುತ್ತಿದ್ದರೆ ಆಕೆ ಆಸ್ಪತ್ರೆಗೆ ಬರುತ್ತಲೇ ಇರಲಿಲ್ಲ.

ರಿಜಿಸ್ಟರಿನ ಮಾತಿಗೆ ಬರೋಣ. 200 ಪುಟದ ಒಂದು ಉದ್ದ ನೋಟ್‌ಬುಕ್ ಸಾಕು. ಒಬ್ಬರಿಗೆ ಒಂದು ಸಾಲು: ಕ್ರಮಸಂಖ್ಯೆ, ಹೆಸರು, ಊರು, ಮನೆಯವರ ಫೋನು, ಆಶಾ ಯಾರು, ಮಾತ್ರೆ ಯಾವುದು ಎಷ್ಟು, ಶುರುವಾದ ತಾರೀಖು, ಖಿನ್ನತೆ ಎಷ್ಟಿದೆ ಎಂದು ಅಳೆಯುವ ಒಂಬತ್ತು ಪ್ರಶ್ನೆಗಳಿಗೆ ಮೊದಲ ದಿನ ಬಂದ ಅಂಕ. ಬಲಕ್ಕೆ ಖಾಲಿ ಕಾಲಮ್ಮುಗಳು. ಪ್ರತಿ ಕಾಲಮ್ಮಿನಲ್ಲೂ ಮೊದಲೇ ಪೆನ್ಸಿಲ್ಲಿನಲ್ಲಿ ಬರಬೇಕಾದ ತಾರೀಖು, ಬಂದಾಗ ಅದರ ಮೇಲೆ ಪೆನ್ನಿನಲ್ಲಿ ಬಂದ ತಾರೀಖು ಮತ್ತು ಅಂಕ. ಮೊದಲ ವಾರ ಒಂದು ಫೋನು, ಎರಡನೇ ವಾರ ಭೇಟಿ, ನಾಲ್ಕನೇ ವಾರ ಭೇಟಿ, ಆಮೇಲೆ ತಿಂಗಳಿಗೊಂದು. ಶುಕ್ರವಾರ ಮಧ್ಯಾಹ್ನ ಒಬ್ಬರು, ಸ್ಟಾಫ್ ನರ್ಸೋ ಸಮುದಾಯ ಆರೋಗ್ಯಾಧಿಕಾರಿಯೋ, ಅರ್ಧ ಗಂಟೆ ಕೂತು ಪೆನ್ಸಿಲ್ ಇದ್ದೂ ಪೆನ್ನು ಬೀಳದ ಮನೆಗಳನ್ನು ಹುಡುಕಬೇಕು. ಆ ಹೆಸರುಗಳೇ ಮುಂದಿನ ವಾರದ ಕೆಲಸ. ಫೋನು, ಫೋನಿಗೆ ಸಿಗದಿದ್ದರೆ ಆಶಾ ಮೂಲಕ ಒಂದು ಮಾತು. ನಾಲ್ಕನೇ ವಾರಕ್ಕೆ ಅಂಕ ಅರ್ಧಕ್ಕೆ ಇಳಿಯುವ ದಾರಿ ಹಿಡಿದಿಲ್ಲ ಎಂದರೆ, ಮೊದಲು ಮಾತ್ರೆ ನಿಜವಾಗಿ ನುಂಗುತ್ತಿದ್ದಾರೆಯೇ ಎಂದು ಉಳಿದ ಮಾತ್ರೆ ಎಣಿಸಬೇಕು. ನುಂಗುತ್ತಿದ್ದೂ ಇಳಿದಿಲ್ಲ ಎಂದರೆ ಪ್ರಮಾಣ ಬದಲಿಸಲು ಮನೋವೈದ್ಯರಿಗೆ ಫೋನು ಮಾಡಬೇಕು. ಇದೆಲ್ಲಕ್ಕೂ ‘ಎಲ್ಲರೂ ಸೇರಿ ನೋಡಿಕೊಳ್ಳಿ’ ಎಂದರೆ ಯಾರೂ ನೋಡುವುದಿಲ್ಲ. ಒಬ್ಬರ ಹೆಸರು ಬರೆದಿಡಬೇಕು.

ಈ ಪುಸ್ತಕದ ಮೇಲೆ ‘ಮಾನಸಿಕ ರೋಗಿಗಳು’ ಎಂದು ಬರೆಯಬಾರದು, ರೋಗಿಯ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಂತೂ ಬರೆಯಲೇಬಾರದು. ನಂಬರ್ ಸಾಕು. ಆಶಾಗೂ ‘ಬಿಪಿ ಚೆಕ್ ಮಾಡಿಸಬೇಕಂತೆ, ಬರಹೇಳಿದಾರೆ’ ಎಂದರೆ ಆಯಿತು. ಮಾತ್ರೆ ಕೌಂಟರಿನಲ್ಲಿ ‘ಯಾರಮ್ಮ ಆ ತಲೆ ಮಾತ್ರೆಯವರು?’ ಎಂದು ಒಮ್ಮೆ ಕೂಗಿದರೆ ಹುಡುಗಿಯ ಮದುವೆ ಮಾತುಕತೆಯೇ ಮುರಿದುಬೀಳಬಹುದು. ಇದಕ್ಕೆ ನಮಗೆ ಕಾಣುವ ಒಳ್ಳೆಯ ದಾರಿ ಒಂದೇ, ಬಿಪಿ-ಶುಗರ್ ದಿನದ ಸಾಲಿನಲ್ಲೇ ಇವರನ್ನೂ ಕೂರಿಸುವುದು. ತಿಂಗಳಿಗೊಮ್ಮೆ ಬರುವುದು, ತೂಕ, ಬಿಪಿ, ಮೂವತ್ತು ದಿನದ ಮಾತ್ರೆ ಎಂಬ ಅಭ್ಯಾಸ ಆ ಸಾಲಿಗೆ ಆಗಲೇ ಇದೆ. ಯಾರು ಯಾವುದಕ್ಕೆ ಬಂದಿದ್ದಾರೆ ಎಂಬುದು ಯಾರಿಗೂ ಕಾಣುವುದಿಲ್ಲ. ತೀವ್ರ ಕಾಯಿಲೆಗೆ ಓಲಾಂಜಪಿನ್ ಮಾತ್ರೆ ತೆಗೆದುಕೊಳ್ಳುವವರಿಗೆ ತೂಕ, ಸಕ್ಕರೆ ನೋಡುತ್ತಿರಲೇಬೇಕು. ಸಕ್ಕರೆ ಕಾಯಿಲೆಯವರಲ್ಲಿ ಖಿನ್ನತೆ ಹುಡುಕಲೇಬೇಕು. ಎರಡೂ ಒಂದೇ ಬೆಂಚಿನಲ್ಲಿ ಮುಗಿಯುತ್ತದೆ.

ತೀವ್ರ ಕಾಯಿಲೆಯಲ್ಲಿ ಪಿಎಚ್‌ಸಿಯ ಕೆಲಸ ಬೇರೆ. ಕಾಯಿಲೆ ಇಂಥದ್ದು ಎಂದು ನಿರ್ಧರಿಸುವುದು ಮನೋವೈದ್ಯರಿಗೆ, ಮುಂದುವರಿಸುವುದು ಇಲ್ಲಿಗೆ. ದಿನಾ ಮಾತ್ರೆ ನುಂಗಲು ಒಪ್ಪದವರಿಗೆ ಫ್ಲುಫೆನಜಿನ್ ಡೆಕನೋಯೇಟ್ 25 ಮಿಲಿಗ್ರಾಂ ಇಂಜೆಕ್ಷನ್ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬರೆದು ಕಳಿಸುತ್ತಾರೆ. ಅದಕ್ಕಾಗಿ ಮನೆಯವರು ಮಧುಗಿರಿಯಿಂದ ತುಮಕೂರಿಗೆ ದಿನ ಕಳೆದುಕೊಂಡು ಹೋಗಬೇಕಾಗಿಲ್ಲ, ಹತ್ತಿರದ ಪಿಎಚ್‌ಸಿಯ ಸಿಸ್ಟರ್ ಕೊಡಬಹುದು. ಇದು ಎಳ್ಳೆಣ್ಣೆಯಲ್ಲಿ ಕರಗಿಸಿದ ಔಷಧ, ಸೂಜಿಯಾಗಲಿ ಸಿರಿಂಜಾಗಲಿ ಒದ್ದೆಯಿದ್ದರೆ ಮೋಡ ಕಟ್ಟಿದಂತೆ ಕದಡುತ್ತದೆ. ಒಣ ಸಿರಿಂಜು, 21 ಗೇಜಿನ ಸೂಜಿ, ಪೃಷ್ಠದ ಆಳದ ಸ್ನಾಯುವಿಗೆ, ನಿಧಾನವಾಗಿ ಒತ್ತಬೇಕು, ಆಮೇಲೆ ಉಜ್ಜಬಾರದು. ಕೊಟ್ಟ ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಕೆಲವರಿಗೆ ಕತ್ತು ಒಂದು ಕಡೆ ತಿರುಚಿಕೊಂಡು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ನಾಲಿಗೆ ಹೊರಳದಂತಾಗುತ್ತದೆ. ಮನೆಯವರು ದೆವ್ವ ಮೆಟ್ಟಿತು ಎಂದು ಎತ್ತಿಕೊಂಡು ಹೋಗುವುದು ಆಗಲೇ. ಇದು ಔಷಧದ ಅಡ್ಡಪರಿಣಾಮ. ಪಿಎಚ್‌ಸಿಯಲ್ಲೇ ಇರುವ ಪ್ರೊಮೆಥಜಿನ್ ಇಂಜೆಕ್ಷನ್ ಕೊಟ್ಟರೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಬಿಟ್ಟುಕೊಳ್ಳುತ್ತದೆ. ಇದನ್ನು ಮೊದಲೇ ಹೇಳಿಡದ ಮನೆಯವರು ಎರಡನೇ ಇಂಜೆಕ್ಷನ್ನಿಗೆ ಬರುವುದಿಲ್ಲ. ಅವರು ದೇವಸ್ಥಾನಕ್ಕೋ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೋ ಹೋಗುತ್ತಾರೆ. ಹೋಗಬೇಡಿ ಅನ್ನಬೇಕಾಗಿಲ್ಲ. ‘ಹರಕೆ ತೀರಿಸಿ ಬನ್ನಿ, ಮಾತ್ರೆಯನ್ನೂ ಜೊತೆಗೆ ತಗೊಂಡು ಹೋಗಿ’ ಅಂದರೆ ಎರಡೂ ನಡೆಯುತ್ತದೆ. ನಂಬಿಕೆಯನ್ನು ಹೀಯಾಳಿಸಿದ ಡಾಕ್ಟರ ಹತ್ತಿರ ಜನ ಮತ್ತೆ ಹೋಗುವುದಿಲ್ಲ.

ಕುಡಿತದಲ್ಲಿ ದೊಡ್ಡ ಅಪಾಯ ಒಮ್ಮೆಗೇ ಬಿಡುವುದರಲ್ಲಿದೆ. ಮೂವತ್ತು ಎಂಎಲ್ ವಿಸ್ಕಿಯಲ್ಲಿ ಸುಮಾರು ಹತ್ತು ಗ್ರಾಂ ಆಲ್ಕೋಹಾಲ್. 180 ಎಂಎಲ್‌ನ ಒಂದು ಕ್ವಾರ್ಟರ್ ಅಂದರೆ ಅರವತ್ತು ಗ್ರಾಂ. ದಿನಾ ಎರಡು ಕ್ವಾರ್ಟರ್ ಹಾಕುವವನು ಅಯ್ಯಪ್ಪನ ಮಾಲೆ ಹಾಕಿದ ದಿನದಿಂದ ಪೂರ್ತಿ ನಿಲ್ಲಿಸುತ್ತಾನೆ. ಭಕ್ತಿ ದೊಡ್ಡದು, ಆದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೈ ನಡುಗಿ, ಬೆವತು, ಇಲ್ಲದ್ದು ಕಂಡು, ಗುರುತು ಸಿಗದಂತೆ ಮಾತಾಡುವ ಸನ್ನಿವಾತ ಬರಬಹುದು. ಅದರಲ್ಲಿ ಸಾವೂ ಉಂಟು. ನವೆಂಬರಿನಿಂದ ಜನವರಿಯವರೆಗೆ ಆಶಾಗಳು ‘ಮಾಲೆ ಹಾಕೋ ಮುಂಚೆ ಒಂದ್ಸಲ ಆಸ್ಪತ್ರೆಗೆ ಬಂದು ಹೋಗ್ಲಿ’ ಎಂದು ಮನೆಗಳಲ್ಲಿ ಹೇಳಿದರೆ ಡಯಜೆಪಾಮ್ ಮಾತ್ರೆ ಕೊಟ್ಟು, ಅದನ್ನು ವಾರದಲ್ಲಿ ಇಳಿಸುತ್ತಾ ಕುಡಿತವನ್ನು ಸುರಕ್ಷಿತವಾಗಿ ಬಿಡಿಸಬಹುದು. ಇಂಥವರಿಗೆ ಗ್ಲೂಕೋಸ್ ಬಾಟಲಿ ಏರಿಸುವ ಮುನ್ನ ಥಯಾಮಿನ್ (ಬಿ1 ವಿಟಮಿನ್) 100 ಮಿಲಿಗ್ರಾಂ ಇಂಜೆಕ್ಷನ್ ಹೋಗಿರಬೇಕು. ಅದು ಹೋಗದೆ ಗ್ಲೂಕೋಸ್ ಹೋದರೆ ಮಿದುಳಿಗೆ ಶಾಶ್ವತ ಪೆಟ್ಟು ಬೀಳಬಹುದು.

ಆಲ್‌ಪ್ರಜೋಲಾಮ್ ಎಂಬ, ನಿದ್ದೆಗೂ ಗಾಬರಿಗೂ ಕೊಡುವ ಸಣ್ಣ ಮಾತ್ರೆಯ ಬಗ್ಗೆ ಎರಡೇ ಮಾತು. ವರ್ಷಗಳಿಂದ ನುಂಗುತ್ತಿರುವವರಿಗೆ ದಿಢೀರನೆ ನಿಲ್ಲಿಸಬೇಡಿ, ಎರಡು ವಾರಕ್ಕೊಮ್ಮೆ ಹೆಚ್ಚೆಂದರೆ ಕಾಲುಭಾಗದಂತೆ ಇಳಿಸಿ. ಹೊಸಬರಿಗೆ ಶುರುವನ್ನೇ ಮಾಡಬೇಡಿ.

ಸಾಯುವ ಯೋಚನೆಯ ಬಗ್ಗೆ ಕೇಳಲು ಎಲ್ಲರಿಗೂ ಅಂಜಿಕೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ನಂಬಿಕೆ ತಪ್ಪು. ಕೇಳಿದಾಗ ಜನರ ಎದೆಯ ಭಾರ ಇಳಿಯುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು. ‘ಸಾಕಪ್ಪಾ ಈ ಜೀವನ ಅನ್ಸುತ್ತಾ?’ ‘ಇರೋದೇ ಬೇಡ ಅನ್ಸುತ್ತಾ?’ ‘ಏನಾದ್ರೂ ಮಾಡ್ಕೊಂಡುಬಿಡೋಣ ಅಂತ ಬಂದಿದೆಯಾ?’ ‘ಮನೇಲಿ ಹೊಲಕ್ಕೆ ಹೊಡೆಯೋ ಔಷಧಿ ಎಲ್ಲಿಟ್ಟಿದೀರ?’ ನಮ್ಮ ಭಾಷೆಯಲ್ಲಿ ಗುಣ ಮಾಡುವುದಕ್ಕೂ ಟೊಮೆಟೊ ಹುಳುವಿಗೆ ಹೊಡೆಯುವುದಕ್ಕೂ ‘ಔಷಧಿ’ ಎಂಬ ಒಂದೇ ಮಾತು. ಕೋಲಾರ ಸೀಮೆಯ ಎಷ್ಟೋ ಮನೆಗಳಲ್ಲಿ ಎರಡೂ ಒಂದೇ ಗೂಡಿನಲ್ಲಿರುತ್ತವೆ. ಹೊಲದ ಔಷಧಿ ಅಂದೇ ಮನೆಯಿಂದ ಆಚೆ ಹೋಗಬೇಕು, ಅಥವಾ ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದು ಬೀಗದ ಕೈ ಬೇರೆಯವರ ಹತ್ತಿರ ಇರಬೇಕು. ಆ ತೀವ್ರವಾದ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು, ಆಗ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಇಂಥವರಿಗೆ ಮಾತ್ರೆ ಒಂದೊಂದು ವಾರಕ್ಕಷ್ಟೇ, ಅದೂ ಮನೆಯವರ ಕೈಗೆ. ಒಬ್ಬರನ್ನೇ ಬಿಡಬಾರದು. ರಾತ್ರಿ ಹೊತ್ತಿಗೆ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿಯ ಹಿಂದೆ ದಪ್ಪಕ್ಷರದಲ್ಲಿ ಬರೆದುಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಔಷಧಿ ಕುಡಿದು ಬದುಕಿ ಬಂದವರನ್ನು ಹೊಟ್ಟೆ ಸರಿಹೋಯಿತು ಎಂದು ಮನೆಗೆ ಕಳಿಸಿ ಮರೆಯುವುದು ನಮ್ಮ ವ್ಯವಸ್ಥೆಯ ದೊಡ್ಡ ನೋವು. ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಮನೆಗೆ ಹೋಗುವ ಮುನ್ನ ಒಂದು ಗಂಟೆ ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ವಿಚಾರಿಸುವುದು, ಇಷ್ಟರಿಂದಲೇ ಸಾವು ಕಡಿಮೆಯಾಯಿತು. ಮೊದಲ ವಿಚಾರಣೆ ಒಂದನೇ ವಾರ, ಆಮೇಲೆ 2, 4, 7, 11ನೇ ವಾರ, ಆಮೇಲೆ 4, 6, 12, 18ನೇ ತಿಂಗಳು. ಇವರ ಹೆಸರೂ ಅದೇ ನೋಟ್‌ಬುಕ್ಕಿಗೆ ಬರಲಿ. ಕೇಸಾಗುತ್ತದೆಂದು ಮನೆಯವರು ಹೆದರುತ್ತಾರೆ. 2017ರ ಕಾಯ್ದೆಯ 115ನೇ ಸೆಕ್ಷನ್ನು ಸಾಯಲು ಹೋಗಿ ಬದುಕಿದವರನ್ನು ತೀವ್ರ ಒತ್ತಡದಲ್ಲಿದ್ದವರು ಎಂದೇ ಭಾವಿಸುತ್ತದೆ, ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಇದನ್ನು ಸಿಸ್ಟರ್ ಬಾಯಿಂದ ಕೇಳಿದರೆ ಆ ಮನೆಯವರ ಮುಖವೇ ಬದಲಾಗುತ್ತದೆ.

ಬಾಣಂತಿಯರ ವಿಷಯದಲ್ಲಿ ಹೊಸ ಏರ್ಪಾಡೇ ಬೇಡ. ಹೆರಿಗೆಯಾದ ಮೇಲೆ 3, 7, 14, 21, 28, 42ನೇ ದಿನ ಆಶಾ ಮನೆಗೆ ಹೋಗಿ ಮಗುವಿನ ತೂಕ ನೋಡುತ್ತಾರೆ. ಅಲ್ಲೇ ತಾಯಿಯ ಮುಖವನ್ನೂ ನೋಡಿ, ಮಗು ಮಲಗಿದಾಗಲಾದರೂ ನಿದ್ದೆ ಬರುತ್ತಾ ಎಂದು ಕೇಳಿದರೆ ಆಯಿತು. ಹಿರಿಯರು ಬಾಣಂತಿ ಸನ್ನಿ ಎನ್ನುವುದು ನಿಜವಾದ ಕಾಯಿಲೆ. ಸಾಮಾನ್ಯವಾಗಿ ಮೊದಲ ಎರಡು ವಾರದಲ್ಲೇ ಶುರು: ನಿದ್ದೆ ಪೂರ್ತಿ ಹೋಗಿ, ಗೊಂದಲ, ಮಗು ತನ್ನದಲ್ಲ ಎಂಬಂಥ ಮಾತು. ಇದರಲ್ಲಿ ಮಂಗಳವಾರದವರೆಗೆ ಕಾಯಬಾರದು, ಅಂದೇ 108. ತಾಯಿ ಮಗು ಇಬ್ಬರ ಜೀವವೂ ಅಪಾಯದಲ್ಲಿದೆ, ಚಿಕಿತ್ಸೆ ಸಿಕ್ಕರೆ ಇಬ್ಬರೂ ಚೆನ್ನಾಗಿ ಆಗುತ್ತಾರೆ.

ಮಾತ್ರೆಯ ದಾಸ್ತಾನಿನ ಮಾತು ಕೊನೆಗೆ ಬಂತು, ಆದರೆ ಆ ಹದಿನೈದು ದಿನ ದಾಟಿದ ಕಾರ್ಯಕ್ರಮವೂ ಇಲ್ಲಿ ಸಾಯಬಹುದು. ಮೂವತ್ತು ಜನ ಫ್ಲುಯಾಕ್ಸೆಟಿನ್ ಮೇಲಿದ್ದರೆ ತಿಂಗಳಿಗೆ 900, ಮೂರು ತಿಂಗಳಿಗೆ 2,700. ಕೈಯಲ್ಲಿ 1,800 ಉಳಿದಾಗಲೇ ಇಂಡೆಂಟ್ (ಬೇಕಾದ ಮಾತ್ರೆಯ ಬೇಡಿಕೆ) ಹೋಗಬೇಕು. ಹಿಂದಿನ ಬಳಕೆ ನೋಡಿ ಇಂಡೆಂಟ್ ಹಾಕುವ ಕಡೆ ಒಂದು ಬಲೆಯಿದೆ. ಮೂರು ತಿಂಗಳು ಮಾತ್ರೆಯೇ ಇರಲಿಲ್ಲ ಎಂದರೆ ಬಳಕೆ ಸೊನ್ನೆ, ಬಳಕೆ ಸೊನ್ನೆ ಎಂದರೆ ಮುಂದಿನ ಸಲ ಬರುವುದೂ ಸೊನ್ನೆ. ಅದಕ್ಕೇ ಇಂಡೆಂಟಿನ ಅಂಕಿ ನೋಟ್‌ಬುಕ್ಕಿನ ಹೆಸರುಗಳ ಲೆಕ್ಕದಿಂದ ಬರಬೇಕು, ಕಳೆದ ತಿಂಗಳ ಖರ್ಚಿನಿಂದಲ್ಲ. ನಡುವೆ ಖಾಲಿಯಾದರೆ ಆರೋಗ್ಯ ರಕ್ಷಾ ಸಮಿತಿಯ ಹಣದಿಂದ ಹದಿನೈದು ದಿನಕ್ಕಾದರೂ ಕೊಂಡು ತುಂಬಬೇಕು. ‘ಮಾತ್ರೆ ಇಲ್ಲ, ಮುಂದಿನ ವಾರ ಬನ್ನಿ’ ಎಂದು ಕೇಳಿಸಿಕೊಂಡವರು ಮುಂದಿನ ವಾರ ಬರುವುದಿಲ್ಲ.

ಇನ್ನೊಂದು ಉಳಿದಿದೆ. ಗ್ರಾಮೀಣ ಸೇವೆಗೆ ಬಂದ ವೈದ್ಯರು ವರ್ಷಕ್ಕೆ ಹೋಗುತ್ತಾರೆ. ಹೊಸಬರು ಬಂದು ‘ಇವರಿಗೆ ಈ ಮಾತ್ರೆ ಯಾಕೆ?’ ಎಂದು ಒಂದೇ ಗೀಟಿನಲ್ಲಿ ನಿಲ್ಲಿಸಿಬಿಡುತ್ತಾರೆ, ಒಂದೂವರೆ ವರ್ಷ ಚೆನ್ನಾಗಿದ್ದ ಹುಡುಗ ಮತ್ತೆ ಗೋಡೆಯ ಜೊತೆ ಮಾತಾಡಲು ಶುರುಮಾಡುತ್ತಾನೆ. ಹೋಗುವವರು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಒಂದು ಹಾಳೆ ಅಂಟಿಸಿ ಹೋಗಲಿ. ಯಾರ ಮಾತ್ರೆಯನ್ನು ಯಾವ ತಿಂಗಳವರೆಗೆ ನಿಲ್ಲಿಸುವಂತಿಲ್ಲ, ಯಾರದ್ದನ್ನು ಇಳಿಸುತ್ತಾ ಬಂದಿದೆ, ಯಾರ ಮನೆಯಲ್ಲಿ ಬೀಗದ ಕೈ ಯಾರ ಹತ್ತಿರ ಇದೆ, ಯಾವ ಗಂಡಸು ಕಳೆದ ವರ್ಷ ಮಾಲೆ ಹಾಕಿದ ಮೂರನೇ ದಿನ ಫಿಟ್ಸ್ ಬಂದು ಬಂದಿದ್ದ. ಹಾಳೆಯ ತಲೆಯಲ್ಲಿ ಜಿಲ್ಲೆಯ ಮನೋವೈದ್ಯರ ಫೋನ್ ನಂಬರು, ಅದರ ಕೆಳಗೆ ಬರುವ ಶುಕ್ರವಾರದೊಳಗೆ ಬರಬೇಕಾದವರ ಹೆಸರು.